ಹೊಗೆಸೊಪ್ಪನ್ನು ಬಿಟ್ಟವರ ಚರಿತ್ರೆ

ಶಿರಾ ತಾಲ್ಲೂಕಿನ ಹುಲಿಕುಂಟೆಯ ಕಡೆ ನಾನು ಹುಡುಗನಾಗಿದ್ದಾಗ, ಮನೆಗೆ ಯಾರೇ ಬಂದರೂ ಮೊದಲು ಒಂದು ಚೊಂಬು ನೀರು, ಆಮೇಲೆ ಎಲೆಅಡಿಕೆಯ ತಟ್ಟೆ ಬರುತ್ತಿದ್ದುವು. ತಟ್ಟೆಯ ಒಂದು ಮಗ್ಗುಲಲ್ಲಿ ಸುಣ್ಣದ ಡಬ್ಬಿ, ಇನ್ನೊಂದು ಮಗ್ಗುಲಲ್ಲಿ ಬೆರಳುದ್ದದ ಹೊಗೆಸೊಪ್ಪಿನ ತುಂಡು. ಅದಿಲ್ಲದಿದ್ದರೆ ಬಂದವರಿಗೆ ಮರ್ಯಾದೆ ಕಡಮೆಯಾಯಿತೆಂದೇ ಲೆಕ್ಕ. ಜಗುಲಿಯ ಮೇಲೆ ಕುಳಿತ ಹಿರಿಯರು ಒಬ್ಬರ ಬೀಡಿಯ ಕೆಂಡದಿಂದ ಮತ್ತೊಬ್ಬರು ಬೀಡಿ ಹೊತ್ತಿಸಿಕೊಳ್ಳುತ್ತ, ಮಳೆ ಬಂದೀತೇ, ಕೆರೆ ತುಂಬೀತೇ, ಕಡಲೆಕಾಯಿಗೆ ಎಷ್ಟು ಬೆಲೆ ಸಿಕ್ಕೀತು ಎಂದು ಮಾತನಾಡುತ್ತಿದ್ದರು. ಹೊಗೆಸೊಪ್ಪು ಈ ನೆಲದಷ್ಟೇ ಹಳೆಯದೆಂದು ನಾನು ಆಗ ತಿಳಿದಿದ್ದೆ.

ಹಾಗಲ್ಲವೆಂದು ಓದಿನಿಂದ ಗೊತ್ತಾಯಿತು. ಅದನ್ನು ಬಿಡುವುದು ಎಷ್ಟು ಕಷ್ಟವೆಂಬುದು ಮಾತ್ರ ಓದಿನಿಂದ ಗೊತ್ತಾಗಲಿಲ್ಲ. ಸುಮಾರು ಇಪ್ಪತ್ತು ವರ್ಷ ಸೇದಿ, ಒಮ್ಮೆ ಬಿಟ್ಟು, ಮತ್ತೆ ಹಿಡಿದು, ಕೊನೆಗೆ ಬಿಟ್ಟಮೇಲೆ ಗೊತ್ತಾಯಿತು. ಹೊಗೆಸೊಪ್ಪನ್ನು ಯಾರು ತಂದರು, ಯಾವ ದೊರೆ ನಿಷೇಧಿಸಿದ ಎಂಬ ಸಂಗತಿಗಳು ಗ್ರಂಥಗಳಲ್ಲಿ ಬೇಕಾದಷ್ಟಿವೆ. ಅದನ್ನು ಬಿಟ್ಟವರಿಗೂ ಒಂದು ಚರಿತ್ರೆಯಿದೆ. ಈ ಲೇಖನದಲ್ಲಿ ಎರಡನ್ನೂ ಜೊತೆಯಾಗಿ ನೋಡೋಣ.

ಮೊದಲು ಶಬ್ದದ ವಿಚಾರ. ‘ಧೂಮಪಾನ’ವೆಂಬ ಮಾತು ಸಂಸ್ಕೃತದಲ್ಲಿ ಬಹು ಹಿಂದಿನಿಂದ ಇದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅದರ ವಿಧಿಯೇ ಉಂಟು. ಬಾಣನ ಕಾದಂಬರಿಯಲ್ಲಿ ಶೂದ್ರಕ ರಾಜನು ಭೋಜನಾನಂತರ ಧೂಮವರ್ತಿಯ ಹೊಗೆಯನ್ನು ಸೇವಿಸುತ್ತಾನೆ. ಇದನ್ನು ಹಿಡಿದುಕೊಂಡು, ‘ನಮ್ಮ ಪೂರ್ವಿಕರೂ ಸೇದುತ್ತಿದ್ದರಲ್ಲ’ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಒಂದು ಕಾಲದಲ್ಲಿ ನಾನೇ ಹಾಗೆ ವಾದಿಸಿದ್ದೇನೆ. ಆದರೆ ಆ ಧೂಮವರ್ತಿ ಸುಗಂಧದ್ರವ್ಯಗಳನ್ನೂ ಮೂಲಿಕೆಗಳನ್ನೂ ಅರೆದು ಮಾಡಿದ ಬತ್ತಿ. ಹೊಗೆಸೊಪ್ಪಿನ ಗಿಡವನ್ನು ಚರಕನೂ ಕಂಡಿರಲಿಲ್ಲ, ಬಾಣನೂ ಕಂಡಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದಾಗ ತಾಂಬೂಲಭೋಗಕ್ಕೆ ಪ್ರತ್ಯೇಕವಾದ ಸ್ಥಾನವನ್ನೇ ಕೊಟ್ಟನು. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ವೀಳ್ಯವನ್ನು ಮನಸಾರೆ ಹೊಗಳಿದನು. ಆ ತಾಂಬೂಲಗಳಲ್ಲಿ ಹೊಗೆಸೊಪ್ಪಿನ ಚೂರೂ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ.

ಏಕೆಂದರೆ ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ೧೪೯೨ರಲ್ಲಿ ಕೊಲಂಬಸನ ನಾವಿಕರು ಅಲ್ಲಿಯ ಜನ ಎಲೆಯನ್ನು ಸುರುಳಿ ಸುತ್ತಿ ಹೊಗೆ ಎಳೆಯುವುದನ್ನು ಕಂಡು ಬೆರಗಾದರು. ಅಲ್ಲಿಂದ ಅದು ಯುರೋಪಿಗೆ ಬಂತು. ಲಿಸ್ಬನ್ನಿನಲ್ಲಿದ್ದ ಫ್ರೆಂಚ್ ರಾಯಭಾರಿ ಜೀನ್ ನಿಕೊ ಎಂಬಾತನು ೧೫೬೦ರಲ್ಲಿ ಅದನ್ನು ಔಷಧಿಯೆಂದು ತನ್ನ ರಾಜಮನೆತನಕ್ಕೆ ಕಳುಹಿಸಿದನು. ‘ನಿಕೊಟಿನ್’ ಎಂಬ ಹೆಸರು ಅವನಿಂದಲೇ ಬಂದದ್ದು. ಪೋರ್ಚುಗೀಸರು ೧೫೧೦ರಲ್ಲಿ ಬಿಜಾಪುರದ ಸುಲ್ತಾನರಿಂದ ಗೋವೆಯನ್ನು ಕಿತ್ತುಕೊಂಡಿದ್ದರು. ಅವರ ಹಡಗುಗಳಲ್ಲಿ ಮೆಣಸಿನಕಾಯಿ ಮುಂತಾದುವು ಬಂದಂತೆ ಈ ಸೊಪ್ಪೂ ಬಂದು, ಘಟ್ಟ ಹತ್ತಿ, ಕನ್ನಡನಾಡಿನ ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಬೇರುಬಿಟ್ಟಿತು.

ಇಲ್ಲಿಂದ ಮುಂದಿನ ಕಥೆ ಸ್ವಾರಸ್ಯವಾಗಿದೆ. ಮೊಗಲ್ ಚಕ್ರವರ್ತಿ ಅಕ್ಬರನು ೧೭ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಸದ್ ಬೇಗನೆಂಬ ಅಧಿಕಾರಿಯನ್ನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಬಳಿಗೆ ಕಳುಹಿಸಿದನು. ರಾಜಕುಮಾರ ದಾನಿಯಾಲನಿಗೆ ನಿಶ್ಚಯವಾಗಿದ್ದ ಕನ್ಯೆಯನ್ನು ಕರೆತರುವುದು ಅವನ ಕಾರ್ಯ. ಹಿಂದಿರುಗುವಾಗ ಅಸದ್ ಬೇಗನು ಬಿಜಾಪುರದಿಂದ ಒಂದಷ್ಟು ಹೊಗೆಸೊಪ್ಪನ್ನೂ ಕೊಂಡೊಯ್ದನು. ರತ್ನಗಳನ್ನು ಕೆತ್ತಿದ ಒಂದು ಕೊಳವಿಯನ್ನು ಮಾಡಿಸಿ, ತಟ್ಟೆಯಲ್ಲಿಟ್ಟು, ಅಕ್ಬರನಿಗೆ ಒಪ್ಪಿಸಿದನು. ಅವನೇ ಬರೆದಿಟ್ಟ ವೃತ್ತಾಂತದಲ್ಲಿ ಇದೆಲ್ಲ ವಿವರವಾಗಿ ಬಂದಿದೆ. ಚಕ್ರವರ್ತಿ ಕುತೂಹಲಗೊಂಡು, ಒಪ್ಪಿಸಿದವನ ಮನಸ್ಸು ನೋಯಬಾರದೆಂದು ಎರಡು ಮೂರು ಬಾರಿ ಹೊಗೆಯೆಳೆದನು. ಆಸ್ಥಾನದ ಹಕೀಮನಿಗೆ ಗಾಬರಿಯಾಯಿತು, ಹೆಚ್ಚು ಎಳೆಯಗೊಡಲಿಲ್ಲ. ‘ಫರಂಗಿಯವರಲ್ಲಿ ಜಾಣರಿಲ್ಲವೇ? ಅವರು ಸುಮ್ಮನೆ ಸೇದುತ್ತಾರೆಯೇ?’ ಎಂಬುದು ಅಸದ್ ಬೇಗನ ವಾದ. ‘ನಮ್ಮ ವಿದ್ವಾಂಸರು ಪರೀಕ್ಷಿಸದ ಪದಾರ್ಥವನ್ನು ಫರಂಗಿಯವರನ್ನು ನೋಡಿ ನಾವು ಹಿಡಿಯಬೇಕಾಗಿಲ್ಲ’ ಎಂಬರ್ಥದ ಉತ್ತರ ಹಕೀಮನದು. ಅಸದ್ ಬೇಗನು ಬಿಡಲಿಲ್ಲ. ಉಳಿದ ಸೊಪ್ಪನ್ನು ಸರದಾರರಿಗೆ ಹಂಚಿದನು. ಅವರು ಮತ್ತಷ್ಟು ಕೇಳಿದರು. ವರ್ತಕರು ತರಿಸಿ ಮಾರತೊಡಗಿದರು. ಆದರೆ ಅಕ್ಬರನು ಮಾತ್ರ ಆ ಅಭ್ಯಾಸವನ್ನು ಹಿಡಿಯಲಿಲ್ಲ.

ಉತ್ತರ ಹಿಂದೂಸ್ಥಾನದ ಅರಮನೆಗೆ ಹೊಗೆಸೊಪ್ಪು ಹೋದದ್ದು ನಮ್ಮ ಕನ್ನಡನಾಡಿನಿಂದ ಎಂಬುದು ಅಷ್ಟೇನೂ ಹೆಮ್ಮೆಪಡುವ ವಿಷಯವಲ್ಲ. ಆದರೂ ಸೇದಿ ನೋಡಿ ಬೇಡವೆಂದ ಒಬ್ಬ ಚಕ್ರವರ್ತಿಯ ನಿದರ್ಶನ ಆ ಕಥೆಯೊಳಗೇ ಇದೆ. ಅವನಿಗೆ ಬೇಡವೆನ್ನುವುದು ಸುಲಭವಾಯಿತು. ಏಕೆಂದರೆ ಅದಿನ್ನೂ ಚಟವಾಗಿರಲಿಲ್ಲ.

ಬಿಜಾಪುರದ ಸೈನ್ಯ ೧೬೩೮ರ ಸುಮಾರಿಗೆ ರಣದುಲ್ಲಾ ಖಾನನ ಮುಂದಾಳ್ತನದಲ್ಲಿ ನಮ್ಮ ಸೀಮೆಗೂ ಬಂತು. ಶಿರಾ ಬಿಜಾಪುರದ ಆಡಳಿತಕ್ಕೆ ಸೇರಿತು. ಅಲ್ಲಿ ಅಧಿಕಾರ ನಡೆಸಿದ ಮಲಿಕ್ ರಿಹಾನನ ಗೋರಿ ಶಿರಾದಲ್ಲಿ ಇಂದಿಗೂ ಇದೆ. ೧೬೮೭ರಲ್ಲಿ ಮೊಗಲರು ಬಂದು ಶಿರಾವನ್ನು ಒಂದು ಸುಬೆಯ ರಾಜಧಾನಿಯಾಗಿ ಮಾಡಿಕೊಂಡರು. ಬಿಜಾಪುರ, ದೆಹಲಿ ಎರಡು ಕಡೆಯಿಂದಲೂ ದಂಡು, ದಫ್ತರು, ವರ್ತಕರು ಬಂದು ಹೋಗುತ್ತಿದ್ದ ಊರಿನಲ್ಲಿ ಹುಕ್ಕವೂ ಬಂದಿರಲೇಬೇಕು. ಅರಮನೆಯ ಹುಕ್ಕ ಹಳ್ಳಿಯಲ್ಲಿ ಗುಡುಗುಡಿಯಾಯಿತು, ಚಿಲುಮೆಯಾಯಿತು. ಪಂಡಿತರ ಮಡಿಲಲ್ಲಿ ನಶ್ಯದ ಡಬ್ಬಿಯಾಯಿತು. ಹೆಂಗಸರ ಎಲೆಯ ಚೀಲದಲ್ಲಿ ಕಡ್ಡಿಪುಡಿಯಾಯಿತು. ತತ್ತ್ವಪದಗಳಲ್ಲಿ ಕೂಡ ಗುಡುಗುಡಿ ದೇಹಕ್ಕೆ ರೂಪಕವಾಗಿ ಬರುವಷ್ಟು ಅದು ಮನೆಮನೆಯ ವಸ್ತುವಾಯಿತು.

ಹೀಗೆ ಹಬ್ಬುತ್ತಿದ್ದುದನ್ನು ದೊರೆಗಳು ಸುಮ್ಮನೆ ನೋಡುತ್ತಿರಲಿಲ್ಲ. ಅಕ್ಬರನ ಮಗ ಜಹಾಂಗೀರನು ೧೬೧೭ರಲ್ಲಿ ಹೊಗೆಸೊಪ್ಪು ಸೇದಕೂಡದೆಂದು ಆಜ್ಞೆ ಮಾಡಿದನು. ಇರಾನಿನ ಷಾ ಅಬ್ಬಾಸನೂ ಅಂಥದೇ ಆಜ್ಞೆ ಮಾಡಿದ್ದನು. ಜಹಾಂಗೀರನು ಇರಾನಿಗೆ ಕಳುಹಿಸಿದ ರಾಯಭಾರಿ ಖಾನ್ ಆಲಮನಿಗೋ ಕ್ಷಣಹೊತ್ತೂ ಹೊಗೆ ಬಿಟ್ಟಿರಲಾಗದು. ಸಂಗತಿ ಷಾಹನಿಗೆ ತಿಳಿಯಿತು. ಅವನು ಒಂದು ಚಮತ್ಕಾರದ ಪದ್ಯ ಬರೆದು ಆ ಒಬ್ಬನಿಗೆ ಅನುಮತಿ ಕೊಟ್ಟುಬಿಟ್ಟನು! ಜಹಾಂಗೀರನೇ ತನ್ನ ಆತ್ಮವೃತ್ತದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಇಬ್ಬರು ದೊರೆಗಳ ನಿಷೇಧ ಒಬ್ಬ ರಾಯಭಾರಿಯ ಚಟದ ಮುಂದೆ ಸೋತಿತು.

ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆ ೧೬೦೪ರಲ್ಲಿ ಹೊಗೆಸೊಪ್ಪನ್ನು ಖಂಡಿಸಿ ಒಂದು ಪುಸ್ತಿಕೆಯನ್ನೇ ಬರೆದು, ಅದರ ಮೇಲೆ ಭಾರಿ ಸುಂಕವನ್ನು ಹೇರಿದನು. ಜನ ಬಿಡಲಿಲ್ಲ, ಸುಂಕ ಮಾತ್ರ ಬೊಕ್ಕಸಕ್ಕೆ ರುಚಿಸಿತು. ತುರ್ಕಿಯ ನಾಲ್ಕನೆಯ ಮುರಾದನು ೧೬೩೩ರಲ್ಲಿ ಸೇದಿದವರಿಗೆ ಮರಣದಂಡನೆಯೆಂದನು. ಅವನ ಕಾಲವಾದಮೇಲೆ ಆ ಕಟ್ಟಳೆ ಸಡಿಲವಾಯಿತು, ಹೊಗೆ ಮತ್ತೆ ಎದ್ದಿತು. ನಮ್ಮಲ್ಲೂ ಇಂಗ್ಲಿಷರ ಕಂಪನಿ ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಮಲಬಾರ್ ಮತ್ತು ಕನ್ನಡ ಜಿಲ್ಲೆಗಳಲ್ಲಿ ಹೊಗೆಸೊಪ್ಪಿನ ಮಾರಾಟವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು. ೧೮೩೭ರಲ್ಲಿ ಅಮರಸುಳ್ಯದ ಕಡೆ ದಂಗೆಯೆದ್ದಾಗ ಜನರ ದೂರುಗಳಲ್ಲಿ ಉಪ್ಪು, ಹೊಗೆಸೊಪ್ಪುಗಳ ಮಾತೂ ಇತ್ತು. ನೋಡಿರಿ, ಅಕ್ಬರನ ಹಕೀಮನು ಪರೀಕ್ಷೆಯಾಗದ ಪದಾರ್ಥವೆಂದು ತಡೆದ ಸೊಪ್ಪು ಎರಡೇ ಶತಮಾನಗಳಲ್ಲಿ ಉಪ್ಪಿನ ಸಮಕ್ಕೆ ಬಂದು ಕುಳಿತಿತು. ಆಮೇಲೆ ಯಂತ್ರದ ಸಿಗರೇಟು, ಕೈಯಲ್ಲಿ ಕಟ್ಟಿದ ಬೀಡಿ ಬಂದುವು. ನಿಪ್ಪಾಣಿಯ ಸೀಮೆ ಬೀಡಿಯ ಹೊಗೆಸೊಪ್ಪಿಗೆ, ಹುಣಸೂರು, ಪಿರಿಯಾಪಟ್ಟಣಗಳು ಸಿಗರೇಟಿನ ಹೊಗೆಸೊಪ್ಪಿಗೆ ಹೆಸರಾದುವು. ತುಮಕೂರಿನಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹೆಣ್ಣುಮಕ್ಕಳು ಎಷ್ಟೋ ಮಂದಿ. ಅವರ ಅನ್ನದ ಪ್ರಶ್ನೆ ಸಣ್ಣದಲ್ಲ. ಆದರೆ ನಮ್ಮ ಇಂದಿನ ವಿಚಾರ ಸೇದುವವನ ಎದೆಯದು.

ಆಜ್ಞೆಯಿಂದ ಆಗದ್ದು ಮನಸ್ಸಿನಿಂದ ಆದದ್ದಕ್ಕೆ ಎಲ್ಲರೂ ಬಲ್ಲ ನಿದರ್ಶನ ಮಹಾತ್ಮ ಗಾಂಧಿಯವರದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕನ್ನಡದಲ್ಲಿ ಆ ಆತ್ಮಕಥೆಯನ್ನು ಓದಿದವರಿಗೆ ನೆನಪಿರಬಹುದು. ಬಾಲಕನಾಗಿದ್ದಾಗ ಗಾಂಧಿ ಚಿಕ್ಕಪ್ಪ ಸೇದಿ ಎಸೆದ ತುಂಡುಗಳನ್ನು ಆರಿಸಿ ಸೇದಿದರು. ಅದು ಸಾಲದೆ ಆಳಿನ ಕಾಸು ಕದ್ದರು. ಸ್ವಾತಂತ್ರ್ಯವಿಲ್ಲವೆಂಬ ಬೇಸರದಲ್ಲಿ ಪ್ರಾಣ ಬಿಡುವ ಯೋಚನೆಯವರೆಗೂ ಹೋದರು. ಆ ಯೋಚನೆಯಿಂದ ಹಿಂದಿರುಗಿದ್ದರ ಜೊತೆಗೆ ಸೇದುವ ಆಸೆಯೂ ಹೋಯಿತು. ದೊಡ್ಡವರಾದಮೇಲೆ ಅದನ್ನು ಮುಚ್ಚಿಡದೆ ಬರೆದರು.

ಆದರೂ ಒಂದು ಕೊರತೆಯಿತ್ತು. ಹೊಗೆ ಕೆಟ್ಟದ್ದೆಂದು ದೊರೆಗಳು, ಹಕೀಮರು, ಸಾಧುಸಂತರು ಹೇಳುತ್ತಿದ್ದರೇ ಹೊರತು, ಎಷ್ಟು ಕೆಟ್ಟದ್ದೆಂದು ಲೆಕ್ಕವಿಟ್ಟು ತೋರಿಸಿದವರು ವಿರಳ. ಆ ಲೆಕ್ಕ ೧೯೫೦ರಲ್ಲಿ ಬಂತು. ಇಂಗ್ಲೆಂಡಿನ ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಎಂಬಿಬ್ಬರು ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ವಿಚಾರಿಸುತ್ತ ಹೋದರು. ಮೋಟಾರುಗಳ ಹೊಗೆ, ರಸ್ತೆಯ ಡಾಂಬರು ಕಾರಣವಿರಬಹುದೆಂಬ ಶಂಕೆ ಡಾಲ್‌ಗೆ ಮೊದಲು ಇತ್ತು. ಲೆಕ್ಕ ಬೆರಳು ಮಾಡಿ ತೋರಿಸಿದ್ದು ಸಿಗರೇಟನ್ನು. ಫಲಿತಾಂಶವನ್ನು ಕಂಡು ಡಾಲ್ ತಾವೇ ಸೇದುವುದನ್ನು ಬಿಟ್ಟರು. ತಾವು ಕಂಡುಕೊಂಡ ಸತ್ಯವನ್ನು ಮೊದಲು ತಮಗೇ ಅನ್ವಯಿಸಿಕೊಂಡ ಇಂಥ ವಿದ್ವಾಂಸರು ಅಪರೂಪ.

೧೯೫೧ರಲ್ಲಿ ಅವರು ಬ್ರಿಟನ್ನಿನ ವೈದ್ಯರನ್ನೇ ಪ್ರಶ್ನಿಸಿ, ೩೪,೦೦೦ಕ್ಕೂ ಹೆಚ್ಚು ಮಂದಿ ಪುರುಷ ವೈದ್ಯರ ಆಯುಷ್ಯವನ್ನು ಗಮನಿಸತೊಡಗಿದರು. ಐವತ್ತು ವರ್ಷಗಳ ಫಲಿತಾಂಶ ೨೦೦೪ರಲ್ಲಿ ಪ್ರಕಟವಾಯಿತು. ಸೇದುತ್ತಲೇ ಹೋದವರ ಆಯುಷ್ಯ, ಎಂದೂ ಸೇದದವರ ಆಯುಷ್ಯಕ್ಕಿಂತ ಸರಾಸರಿ ೧೦ ವರ್ಷ ಕಡಮೆ. ೬೦ರ ವಯಸ್ಸಿನಲ್ಲಿ ಬಿಟ್ಟವರು ಆ ನಷ್ಟದಲ್ಲಿ ಸುಮಾರು ೩ ವರ್ಷವನ್ನೂ, ೫೦ರಲ್ಲಿ ಬಿಟ್ಟವರು ೬ನ್ನೂ, ೪೦ರಲ್ಲಿ ಬಿಟ್ಟವರು ೯ನ್ನೂ, ೩೦ರಲ್ಲಿ ಬಿಟ್ಟವರು ಹೆಚ್ಚುಕಡಮೆ ಹತ್ತನ್ನೂ ಉಳಿಸಿಕೊಂಡರು. ‘ಇಷ್ಟು ವಯಸ್ಸಾಯಿತು, ಇನ್ನು ಬಿಟ್ಟು ಏನು ಬಂತು?’ ಎನ್ನುವ ಹಿರಿಯರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ವೈದ್ಯರು ಹೇಳುವಂತೆ, ಬಿಟ್ಟ ೨೦ ನಿಮಿಷಕ್ಕೇ ಹೃದಯದ ಬಡಿತ ಇಳಿಯುತ್ತದೆ. ೧೨ ಗಂಟೆಗಳಲ್ಲಿ ರಕ್ತದೊಳಗಿನ ಇಂಗಾಲದ ವಿಷಾನಿಲ ಸಾಮಾನ್ಯ ಮಟ್ಟಕ್ಕೆ ಬರುತ್ತದೆ. ಒಂದು ವರ್ಷಕ್ಕೆ ಹೃದ್ರೋಗದ ಅಪಾಯ ಸೇದುವವನಿಗಿಂತ ಅರ್ಧದಷ್ಟಾಗುತ್ತದೆ. ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಹಾಗೆಯೇ ತಗ್ಗುತ್ತದೆ.

ಜ್ಞಾನ ಬಂದಿತು. ಆದರೆ ತಿಳಿದವರೆಲ್ಲ ಬಿಡುವುದಾದರೆ ಸೇದುವ ವೈದ್ಯನೊಬ್ಬನೂ ಇರಬಾರದಾಗಿತ್ತು. ತಿಳಿವಿಗೂ ಬಿಡುವುದಕ್ಕೂ ನಡುವಿನ ಹಳ್ಳವನ್ನು ದಾಟಿಸಿದ ಒಂದು ಪ್ರಯತ್ನ ನಮ್ಮ ನಾಡಿನದೇ ಇದೆ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು ೧೯೭೫ರ ಸುಮಾರಿಗೆ ಜೋಳಿಗೆ ಹಿಡಿದು ಹೊರಟರು. ಸ್ವಾಮಿಗಳು ಜೋಳಿಗೆ ಹಿಡಿದು ಬಂದರೆ ಜನ ಜೋಳವನ್ನೋ ಹಣವನ್ನೋ ಹಾಕುವುದು ವಾಡಿಕೆ. ಇವರು ಅದನ್ನು ಕೇಳಲಿಲ್ಲ. ‘ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರಿ’ ಎಂದರು. ಕುಡಿತ, ಬೀಡಿ, ತಂಬಾಕುಗಳನ್ನು ಜನ ಆ ಜೋಳಿಗೆಗೆ ಅರ್ಪಿಸಿ ಬಿಟ್ಟರು. ‘ಮಹಾಂತ ಜೋಳಿಗೆ’ ಎಂದು ಅದು ಉತ್ತರ ಕರ್ನಾಟಕದಲ್ಲೆಲ್ಲ ಹೆಸರಾಯಿತು. ಸ್ವಾಮಿಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಗೊತ್ತುಮಾಡಿದೆ.

ಈ ಜೋಳಿಗೆಯ ಮರ್ಮವೇನು? ಜಹಾಂಗೀರನ ಆಜ್ಞೆ ಮೇಲಿಂದ ಬಂದು ‘ಬಿಡು’ ಎಂದಿತು. ಜೋಳಿಗೆ ಕೆಳಗೆ ಬಾಗಿ ‘ಕೊಡು’ ಎಂದಿತು. ಕೊಡುವವನು ದಾನಿ, ಅವನಿಗೆ ಒಂದು ಘನತೆಯಿದೆ. ಅದಲ್ಲದೆ, ಹತ್ತು ಜನರ ಮುಂದೆ ಕೊಟ್ಟದ್ದನ್ನು ಮರುದಿನ ಹಿಂದಕ್ಕೆ ತೆಗೆದುಕೊಳ್ಳುವುದು ನಾಚಿಕೆಯ ಕೆಲಸ. ಒಬ್ಬಂಟಿಯಾಗಿ ಮನಸ್ಸಿನಲ್ಲೇ ಮಾಡಿಕೊಂಡ ಸಂಕಲ್ಪಕ್ಕೆ ಇಂಥ ಸಾಕ್ಷಿಗಳಿರುವುದಿಲ್ಲ.

ನನ್ನ ಮೊದಲ ಸಂಕಲ್ಪ ಅಂಥ ಸಾಕ್ಷಿಯಿಲ್ಲದ್ದು. ೨೦೦೪ರ ಯುಗಾದಿಯಂದು ಯಾರಿಗೂ ಹೇಳದೆ ಬಿಟ್ಟೆ. ಮೊದಲ ವಾರ ತಲೆ ಸಿಡಿಯಿತು. ತರಗತಿಯಲ್ಲಿ ಕಾರಣವಿಲ್ಲದೆ ಸಿಡುಕಿದೆ. ಆಮೇಲೆ ಹಗುರವಾಯಿತು. ಹನ್ನೊಂದು ತಿಂಗಳು ಕಳೆದುವು; ಗೆದ್ದೆನೆಂದೇ ಎಣಿಸಿದೆ. ಒಂದು ಸಾವಿನ ಮನೆಯಲ್ಲಿ, ಹೆಣ ಕಾಯುವ ರಾತ್ರಿ, ಪಕ್ಕದವರು ಒಂದು ಬೀಡಿ ಚಾಚಿದರು. ನಾನು ಬಿಟ್ಟದ್ದು ಅವರಿಗೆ ಗೊತ್ತಿರಲಿಲ್ಲ. ಒಂದೇ ಒಂದು ಎಂದುಕೊಂಡೆ. ವಾರ ಕಳೆಯುವುದರೊಳಗೆ ಕಟ್ಟು ಜೇಬಿನಲ್ಲಿತ್ತು. ಮತ್ತೆ ಬಿಟ್ಟದ್ದು ೨೦೦೮ರ ವಿಜಯದಶಮಿಗೆ. ಆ ಸಲ ಮನೆಯಾಕೆಗೆ, ಸಹೋದ್ಯೋಗಿಗಳಿಗೆ, ಅಂಗಡಿಯವನಿಗೆ ಕೂಡ ಹೇಳಿ ಬಿಟ್ಟೆ. ಆಸೆ ಎದ್ದಾಗ ಒಂದು ಲೋಟ ನೀರು ಕುಡಿದು ನಾಲ್ಕು ಹೆಜ್ಜೆ ಓಡಾಡುತ್ತಿದ್ದೆ. ಅದು ಕೆಲವೇ ನಿಮಿಷದ ಅಲೆ. ಕಾದರೆ ತಾನೇ ಇಳಿಯುತ್ತದೆ. ವರ್ಷಗಳು ಕಳೆದಮೇಲೂ ಸಾವಿನ ಮನೆ, ಮದುವೆಯ ರಾತ್ರಿ, ಬಸ್ಸು ಕೆಟ್ಟು ನಿಂತ ದಾರಿ, ಇಂಥ ಕಡೆ ಅದು ಹಳೆಯ ಸ್ನೇಹಿತನಂತೆ ಬಂದು ಹೆಗಲು ಮುಟ್ಟುತ್ತದೆ. ‘ಒಂದೇ ಒಂದು’ ಎಂಬ ಮಾತನ್ನು ನಾನು ಈಗ ನಂಬುವುದಿಲ್ಲ.

ಕಳೆದ ವರ್ಷ ಶಿರಾದ ಬಸ್ ನಿಲ್ದಾಣದಲ್ಲಿ ಒಬ್ಬ ಹಳೆಯ ಶಿಷ್ಯ ಸಿಕ್ಕಿದ. ನಲವತ್ತು ದಾಟಿದವನು, ನಾಲ್ಕು ಮಾತಿಗೊಮ್ಮೆ ಕೆಮ್ಮು. ನನ್ನನ್ನು ಕಂಡು ಕೈಯಲ್ಲಿದ್ದ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿದ. ‘ಯಾವಾಗಿನಿಂದ ಅಪ್ಪಾ ಇದು?’ ಎಂದು ಮೇಷ್ಟರ ಗತ್ತಿನಲ್ಲಿ ಕೇಳಿದೆ. ಅವನು ನಗುತ್ತಲೇ ಹೇಳಿದ: ‘ನಿಮಗೆ ಬೀಡಿ ತರಾಕೆ ಹೋಗ್ತಿದ್ನಲ್ಲ ಮೇಷ್ಟ್ರೇ, ಆವಾಗ್ಲಿಂದ. ಕಟ್ಟಲ್ಲಿ ಒಂದು ಕಮ್ಮಿ ಇರ್ತಿತ್ತು, ನೀವು ಎಣಿಸ್ತಿರ್ಲಿಲ್ಲ.’ ದೂರುವ ದನಿ ಅದಲ್ಲ. ಹುಡುಗತನದ ತಂಟೆಯನ್ನು ಒಪ್ಪಿಕೊಳ್ಳುವ ದನಿ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಕಾಲದಲ್ಲಿ ಮೇಷ್ಟರು ಹುಡುಗರನ್ನು ಅಂಗಡಿಗೆ ಅಟ್ಟುವುದು ಸಾಮಾನ್ಯವಾಗಿತ್ತು ಎಂಬುದು ನಿಜ. ಸಾಮಾನ್ಯವಾಗಿದ್ದುದರಿಂದ ತಪ್ಪು ಕಡಮೆಯಾಗುವುದಿಲ್ಲ. ಅಸದ್ ಬೇಗನು ಸರದಾರರಿಗೆ ಹಂಚಿದಂತೆಯೇ ನಾನೂ ಹಂಚಿದ್ದೆ.

ಈಗಿನ ಹುಡುಗರಿಗೆ ಕಾನೂನಿನ ರಕ್ಷಣೆಯಿದೆ. ೨೦೦೧ರಲ್ಲಿ ಕರ್ನಾಟಕ ತನ್ನದೇ ಧೂಮಪಾನ ನಿಷೇಧದ ಕಾಯಿದೆಯನ್ನು ಮಾಡಿತು. ೨೦೦೩ರಲ್ಲಿ ಕೇಂದ್ರದ ಕಾಯಿದೆ ಬಂತು. ೨೦೦೮ರ ಅಕ್ಟೋಬರ್ ೨ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದು ದೇಶದಲ್ಲೆಲ್ಲ ನಿಷಿದ್ಧವಾಯಿತು. ೨೦೨೫ರಲ್ಲಿ ಒಪ್ಪಿಗೆ ಪಡೆದ ಕರ್ನಾಟಕದ ತಿದ್ದುಪಡಿಯ ಪ್ರಕಾರ ೨೧ ವರ್ಷ ತುಂಬದವರಿಗೆ ಹೊಗೆಸೊಪ್ಪಿನ ಪದಾರ್ಥ ಮಾರಕೂಡದು. ಸಾರ್ವಜನಿಕವಾಗಿ ಸೇದಿದವರಿಗೆ ದಂಡ ೧,೦೦೦ ರೂಪಾಯಿಯವರೆಗೆ ಏರಿದೆ. ಆದರೂ ಕಾನೂನು ಹೊಸಬನನ್ನು ತಡೆದೀತು, ಹಳಬನ ಕೈಯಿಂದ ಬೀಡಿಯನ್ನು ಬಿಡಿಸದು. ೨೦೧೬–೧೭ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ೨೨.೮ ಮಂದಿ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪು ಬಳಸುತ್ತಿದ್ದರು. ಇಂಥವರಿಗಾಗಿಯೇ ೨೦೦೨ರಲ್ಲಿ ದೇಶದಲ್ಲಿ ತೆರೆದ ೧೩ ತಂಬಾಕು ವ್ಯಸನ ಬಿಡಿಸುವ ಚಿಕಿತ್ಸಾಲಯಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿ ಸಂಸ್ಥೆಗಳವೂ ಸೇರಿದ್ದುವು. ೧೮೦೦–೧೧–೨೩೫೬ ಎಂಬ ಉಚಿತ ದೂರವಾಣಿ ಸಹಾಯವೂ ಇದೆ. ಆ ಸಂಖ್ಯೆಯನ್ನು ೨೦೧೮ರಿಂದ ಪೊಟ್ಟಣಗಳ ಮೇಲೆಯೇ ಅಚ್ಚು ಹಾಕಿಸುತ್ತಿದ್ದಾರೆ. ಆಸೆಯನ್ನು ತಗ್ಗಿಸುವ ಔಷಧಿಗಳೂ ಇವೆ. ವೈದ್ಯರನ್ನು ಕೇಳಿ ಅವನ್ನು ಪಡೆಯುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಹೆಚ್ಚಿನವರು ಒಂದೇ ಪ್ರಯತ್ನದಲ್ಲಿ ಗೆಲ್ಲುವುದಿಲ್ಲವೆಂಬುದನ್ನೂ ಅವರೇ ಹೇಳುತ್ತಾರೆ.

ಆ ಶಿಷ್ಯನ ಮನೆಗೆ ಮರುವಾರ ನಾನೇ ಹೋದೆ. ನನ್ನ ತಪ್ಪನ್ನು ಅವನ ಹೆಂಡತಿಯ ಮುಂದೆ, ಮಕ್ಕಳ ಮುಂದೆ ಹೇಳಿದೆ. ‘ನಿನ್ನ ಕೈಯಲ್ಲಿ ಬೀಡಿ ತರಿಸಿದ ಕೈ ಇದು. ಈಗ ಅದನ್ನು ಇದೇ ಕೈಗೆ ವಾಪಸು ಕೊಟ್ಟುಬಿಡು’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ತಂದುಕೊಟ್ಟ. ಎರಡನೆಯ ತಿಂಗಳಲ್ಲಿ ಒಮ್ಮೆ ಜಾರಿದ. ಮುಚ್ಚಿಡದೆ ಫೋನು ಮಾಡಿ ಹೇಳಿದ. ಮರುದಿನದಿಂದ ಮತ್ತೆ ಎಣಿಕೆ ಆರಂಭಿಸಿದೆವು. ಆ ಎಣಿಕೆ ಈಗ ಎಂಟನೆಯ ತಿಂಗಳಲ್ಲಿದೆ. ನನ್ನ ಹನ್ನೊಂದನೆಯ ತಿಂಗಳ ಕಥೆ ಅವನಿಗೆ ಗೊತ್ತು. ಆ ತಿಂಗಳು ಬರುವಾಗ ವಾರಕ್ಕೆರಡು ಸಲ ಮಾತನಾಡಬೇಕೆಂದು ಇಬ್ಬರೂ ಗೊತ್ತುಮಾಡಿಕೊಂಡಿದ್ದೇವೆ.

ಓದುಗ ಮಹನೀಯರೇ, ನಿಮ್ಮ ಮನೆಯ ಜಗುಲಿಯಲ್ಲೂ ಒಬ್ಬರು ಬಿಡಬೇಕೆಂದು ಮನಸ್ಸಿನಲ್ಲೇ ಎಣಿಸುತ್ತಿರಬಹುದು. ಅವರನ್ನು ಗದರಿಸಬೇಡಿರಿ, ಗದರಿಸಿದ ದೊರೆಗಳ ಗತಿಯನ್ನು ನೋಡಿದಿರಿ. ಬಿಟ್ಟಿದ್ದೇನೆಂದು ಅವರು ಹೇಳಿದ ದಿನ ಸಾಕ್ಷಿಯಾಗಿ ನಿಲ್ಲಿರಿ. ಜಾರಿದೆನೆಂದು ಹೇಳಿದ ದಿನವೂ ಪಕ್ಕದಲ್ಲಿರಿ. ನಮ್ಮ ಮನೆಯಲ್ಲಿ ಈಗ ಬಂದವರಿಗೆ ನೀರಿನ ಜೊತೆಗೆ ಒಂದು ಚೂರು ಬೆಲ್ಲ ಕೊಡುತ್ತೇವೆ. ಹೊಗೆಸೊಪ್ಪಿಲ್ಲವೆಂದು ಮರ್ಯಾದೆ ಕಡಮೆಯಾಯಿತೆಂದವರನ್ನು ಇದುವರೆಗೆ ಕಂಡಿಲ್ಲ.